‘ಆತ್ರಿ’ ಅಂದ ಸೋಮವಾರ

ಹುನಗುಂದ
2 ಸೆಪ್ಟೆಂಬರ್ 2025

ಡಾಕ್ಟರ್ ನರ್ಗೀಸ ಅವರಿಗೆ,

ಇದು ಕ್ಷೇಮ ಕೇಳಲು ಬರೆದ ಕಾಗದವಲ್ಲ. ನಮ್ಮಲ್ಲಿ ಕ್ಷೇಮವಿಲ್ಲ. ನಿಮ್ಮಲ್ಲಿ ಇದ್ದೇ ಇರುತ್ತದೆ.

ನಾನು ಮಹಾದೇವಿ. ಇಳಕಲ್ಲಿನ ಹೈಸ್ಕೂಲಿನಲ್ಲಿ ಮೂರು ವರ್ಷ ನಿಮ್ಮ ಬೆಂಚಿನಲ್ಲೇ ಕೂತವಳು. ಈಗ ಹುನಗುಂದ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಫೋನ್ ಹಚ್ಚಬಹುದಿತ್ತು. ಹಚ್ಚಿದರೆ ‘ರೌಂಡ್ಸಿನಲ್ಲಿದ್ದೇನೆ’ ಎನ್ನುತ್ತೀರಿ, ನಾನು ಬೈಯುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಫೈಲಿಗೆ ಹೋಗುತ್ತದೆ ಎಂದು ನಮ್ಮ ಆಶಾ ಸಂಘಟನೆ ನನಗೆ ಕಲಿಸಿದೆ. ಅದಕ್ಕೇ ರಿಜಿಸ್ಟರ್ ಅಂಚೆ.

ಆಗಸ್ಟ್ ನಾಲ್ಕು, ಶ್ರಾವಣದ ಎರಡನೆಯ ಸೋಮವಾರ. ಬಾದಾಮಿಯ ಹೊರಗೆ ನೀವು ಕೆಲಸ ಮಾಡುವ ಟ್ರಸ್ಟಿನ ದವಾಖಾನೆಗೆ ಸಾವಂತ್ರವ್ವ ಎಂಬ ಹೆಂಗಸು ಬಂದಳು. ವಯಸ್ಸು ಐವತ್ತೆಂಟು. ಸಕ್ಕರೆ ಕಾಯಿಲೆ, ಬಲಗಾಲ ಕಿರುಬೆರಳ ಬುಡದಲ್ಲಿ ಹುಣ್ಣು. ನೀವು ಸಕ್ಕರೆ ಇಳಿಸುವ ಸೂಜಿ ಬರೆದಿರಿ, ಸಿಸ್ಟರ್ ಚುಚ್ಚಿದರು. ಅಲ್ಲಿಂದ ಅವಳು ಟೆಂಪೊ ಹತ್ತಿ ಬನಶಂಕರಿಯ ಗುಡಿಗೆ ಹೋದಳು. ಎರಡು ತಾಸಿನ ಮೇಲೆ ಹೊಂಡದ ಕಟ್ಟೆಯ ಮೇಲೆ ಬಿದ್ದಳು. ಮೈಯೆಲ್ಲ ಬೆವರು, ಬಾಯಲ್ಲಿ ತೊದಲು. ಕುಡಿದಾಳೆಂದು ಮಂದಿ ದಾಟಿಕೊಂಡು ಹೋದರು. ಹೂವು ಮಾರುವ ಪದ್ಮವ್ವ ಅವಳ ಬಾಯಿಗೆ ಮೂಗು ಒಡ್ಡಿ, “ವಾಸನಿ ಇಲ್ಲ. ಈಕಿ ಕುಡದಿಲ್ಲ, ಹಿಡೀರಿ ಕಾಲ” ಎಂದು ಹೋಗುವ ಗಾಡಿಯೊಂದನ್ನು ಅಡ್ಡಗಟ್ಟಿದಳು. ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಮೂರು ದಿನ ಎಚ್ಚರವಿಲ್ಲ. ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು ಎಂದರು. ಎಚ್ಚರವಾದ ಮೇಲೆ ಬಲಗೈ ಹಿಡಿತ ಹೋಗಿದೆ. ಉಣ್ಣೆ ನೂಲುವ ಕೈ ಅದು.

ಮನೆಯವರು ಕಾರಣ ಕೇಳಿದಾಗ ನಿಮ್ಮ ದವಾಖಾನೆ ಕೊಟ್ಟ ಹಾಳೆಯಲ್ಲಿ ಹೀಗೆ ಬರೆದಿದೆ: ‘ವೈದ್ಯರ ಸಲಹೆ ಪಾಲಿಸದೆ ಉಪವಾಸವಿದ್ದುದೇ ಕಾರಣ. ರೋಗಿಯ ನಿರ್ಲಕ್ಷ್ಯ.’ ಕೆಳಗೆ ನಿಮ್ಮ ಸಹಿ.

ಉಪವಾಸ ಇರಬೇಡ ಎಂದು ಅವಳಿಗೆ ಯಾರು ಹೇಳಿದರು? ಯಾವಾಗ ಹೇಳಿದರು? ಯಾವ ಮಾತಿನಲ್ಲಿ ಹೇಳಿದರು? ಉತ್ತರ ಬರೆಯಿರಿ. ಉತ್ತರ ಇಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಸಾವಂತ್ರವ್ವ ನನ್ನ ತಾಯಿ.

ಮಹಾದೇವಿ

*

ಬಾದಾಮಿ
9 ಸೆಪ್ಟೆಂಬರ್ 2025

ಮಹಾದೇವಿ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ತಾಯಿಯವರ ಸ್ಥಿತಿ ತಿಳಿದು ದುಃಖವಾಯಿತು. ಅವರು ನಿಮ್ಮ ತಾಯಿ ಎಂಬುದು ನನಗೆ ತಿಳಿದಿರಲಿಲ್ಲ. ಸೋಮವಾರ ನೂರೈವತ್ತು ಜನ ಬರುತ್ತಾರೆ, ಚೀಟಿಯಲ್ಲಿ ಹೆಸರು ಮತ್ತು ವಯಸ್ಸು ಮಾತ್ರ ಇರುತ್ತದೆ.

ನಡೆದದ್ದನ್ನು ತಿಳಿಸುತ್ತೇನೆ. ಅಂದು ಅವರ ಸಕ್ಕರೆ ಮುನ್ನೂರರ ಮೇಲಿತ್ತು. ಸೂಜಿ ಕೊಡುವ ಮುನ್ನ ರೋಗಿ ಆಹಾರ ಸೇವಿಸಿದ್ದಾರೆಯೇ ಎಂದು ಕೇಳುವುದು ನಿಯಮ. ನಾನು ಕೇಳಿದೆ. ಪುಸ್ತಕದ ಮಾತಿನಲ್ಲಿ ಕೇಳಿದರೆ ತಿಳಿಯಲಿಕ್ಕಿಲ್ಲವೆಂದು ನಮ್ಮ ಕಡೆಯ ಮಾತಿನಲ್ಲೇ ಕೇಳಿದೆ: “ಊಟ ಆತೇನಬೇ?” ಅವರು “ಆತ್ರಿ” ಎಂದರು. ಸಿಸ್ಟರ್ ಇದಕ್ಕೆ ಸಾಕ್ಷಿ. ಚೀಟಿಯಲ್ಲಿಯೂ ‘ಊಟವಾಗಿದೆ’ ಎಂದು ಬರೆದಿದ್ದೇನೆ. ಬೆಳಿಗ್ಗೆ ಸಕ್ಕರೆಯ ಮಾತ್ರೆಯನ್ನೂ ತೆಗೆದುಕೊಂಡಿರುವುದಾಗಿ ಹೇಳಿದರು. ಊಟವಾದವರಿಗೆ ಆ ಮಾತ್ರೆ, ಆ ಪ್ರಮಾಣದ ಸೂಜಿ ಎರಡೂ ಅಪಾಯವಲ್ಲ.

ಉಪವಾಸದ ವಿಷಯ ಅವರು ತಿಳಿಸಲಿಲ್ಲ. ಹೀಗಿರುವಾಗ ದಾಖಲೆಯಲ್ಲಿ ಬದಲಾವಣೆ ಮಾಡುವುದು ನನ್ನಿಂದ ಆಗದ ಕೆಲಸ.

ತಾಯಿಯವರು ಬೇಗ ಗುಣಮುಖರಾಗಲೆಂದು ಹಾರೈಸುವ,
ಡಾ. ನರ್ಗೀಸ

*

ಹುನಗುಂದ
14 ಸೆಪ್ಟೆಂಬರ್ 2025

ನರ್ಗೀಸ,

ಈ ಸಲ ‘ರಿ’ ಬಿಟ್ಟಿದ್ದೇನೆ. ಅದು ಭಾರವಾಗಿತ್ತು.

ನೀನು ಕೇಳಿದ್ದು ಖರೆ. ನಿನ್ನ ಕಾಗದ ಹಿಡಿದುಕೊಂಡು ಇವತ್ತಿನ ಮೊದಲ ಬಸ್ಸಿಗೆ ಬನಶಂಕರಿ ಹತ್ತಿರದ ತವರಿಗೆ ಹೋದೆ. ಅವ್ವನ ಮುಂದೆ ಕೂತೆ.

“ಡಾಕ್ಟರು ಊಟ ಆತೇನ್ ಅಂತ ಕೇಳಿದ್ರೇನಬೇ?”

“ಕೇಳಿದ್ರಲಾ.”

“ನೀ ಏನಂದಿ?”

“ಆತ್ರಿ ಅಂದೆ.”

“ಹೊಟ್ಟಿ ಖಾಲಿ ಇಟಗೊಂಡು ಆತು ಅಂತ ಯಾಕ ಅಂದಿ?”

ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. “ಮತ್ತೇನ್ ಅನ್ಲಿ? ಇಲ್ಲ ಅಂದ್ರ, ಊಟಕ್ಕ ಹಾಕ್ರಿ ಅಂತ ಬೇಡಿದಂಗ ಆಗಲಿಲ್ಲೇನು?”

ತಿಳಿಯಿತೇ ನಿನಗೆ? ನಿಮ್ಮ ಓಣಿ ನೆನಪು ಮಾಡಿಕೋ. ನಿನ್ನ ತಾಯಿ ಗುಲಾಬಬಿ ಬಾಗಿಲಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ಹಾದುಹೋಗುವವರನ್ನೆಲ್ಲ “ಊಟ ಆತೇನ್ರಿ” ಎನ್ನುತ್ತಿದ್ದಳು. ಯಾರಾದರೂ ಒಬ್ಬರು, ಒಂದು ದಿನ, ‘ಇಲ್ಲ’ ಎಂದದ್ದು ಕೇಳಿದ್ದೀಯಾ? ನಮ್ಮ ಕಡೆ ಹಸಿದವರು ಸಹ ‘ಆತ್ರಿ’ ಅನ್ನುತ್ತಾರೆ. ಹಸಿದವರೇ ಮೊದಲು ಅನ್ನುತ್ತಾರೆ. ಹಾಸ್ಟೆಲಿನಲ್ಲಿ ಒಲೆ ಹಚ್ಚದ ಭಾನುವಾರ ನಾನು ನಿಮ್ಮ ಹೊಸ್ತಿಲಲ್ಲಿ ನಿಂತು ಎಷ್ಟು ಸಲ ‘ಆತ್ರಿ’ ಅಂದಿಲ್ಲ. ನಿನ್ನ ತಾಯಿ ನಂಬುತ್ತಿರಲಿಲ್ಲ. ರಟ್ಟೆ ಹಿಡಿದು ಒಳಗೆಳೆದು ತಾಟು ಇಡುತ್ತಿದ್ದಳು. ಸಾಲಿ ಕಲಿಯದ ಆ ಹೆಂಗಸಿಗೆ ನಂಬಬಾರದು ಎಂದು ಗೊತ್ತಿತ್ತು. ಆರು ವರ್ಷ ಪರದೇಶದಲ್ಲಿ ಕಲಿತು ಬಂದ ಮಗಳು ನಂಬಿದಳು, ನಂಬಿ ಚೀಟಿಯಲ್ಲಿ ಬರೆದಳು.

ಇನ್ನೊಂದು. ‘ಸಕ್ಕರಿ ಗುಳಿಗಿ ಒಂದ್ ದಿನಾನೂ ತಪ್ಪಸಬ್ಯಾಡ’ ಎಂದು ಹಿಂದಿನ ತಿಂಗಳು ನಿಮ್ಮಲ್ಲಿಯೇ ಅವಳಿಗೆ ಹೇಳಿದ್ದರು. ತಪ್ಪಿಸಲಿಲ್ಲ ಅವಳು. ಉಪವಾಸದ ದಿನ, ಬರೀ ಹೊಟ್ಟೆಯಲ್ಲಿ, ನೀರು ಕುಡಿದು ನುಂಗಿದ್ದಾಳೆ. ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಕ್ಕೆ ಅವಳ ಕೈ ಹೋಯಿತು. ಅವಳ ಹೆಸರಿನ ಮುಂದೆ ನಿರ್ಲಕ್ಷ್ಯ ಎಂದು ಬರೆದಿರಿ. ಯಾರದು ನಿರ್ಲಕ್ಷ್ಯ?

ಈಗ ಮುಖ್ಯ ಮಾತು. ನನ್ನ ಸಿಟ್ಟು ಬಿಡು, ಅದು ದಿನಾ ಇರುವುದೇ. ಅವ್ವ ಮಾತ್ರೆ ಬಿಟ್ಟಿದ್ದಾಳೆ. ಆ ಹಾಳೆಯನ್ನು ನಮ್ಮಣ್ಣ ಸೋಮಲಿಂಗ ಅವಳಿಗೆ ಓದಿ ಹೇಳಿದ. ಓದಿ ಸುಮ್ಮನಿರಲಿಲ್ಲ. “ವಾರದ ಉಪಾಸದ ದಿನ ಉಂಡೇನಿ ಅಂತ ಸುಳ್ಳ ಹೇಳಿದಿ, ಮನಿದ್ಯಾವ್ರು ಬೀರಪ್ಪ ಬಿಡ್ತಾನೇನು” ಅಂದ. ಅದು ಅವಳ ಎದೆಯಲ್ಲಿ ಕೂತಿದೆ. ಕೈ ಹೋದದ್ದು ಸುಳ್ಳಿಗೆ ಸಿಕ್ಕ ಶಿಕ್ಷೆಯಂತೆ. ಇನ್ನು ದವಾಖಾನೆ ಹತ್ತುವುದಿಲ್ಲವಂತೆ. ಹುಣ್ಣಿಗೆ ದೇವರ ಭಂಡಾರದ ಅರಿಶಿನ ಮೆತ್ತಿಕೊಂಡು ಕೂತಿದ್ದಾಳೆ. ಕಿರುಬೆರಳು ಕಪ್ಪಾಗುತ್ತಿದೆ, ನರ್ಗೀಸ. ನಾನು ಹತ್ತೂರಿಗೆ ಆರೋಗ್ಯ ಹೇಳುವವಳು. ಅವಳಿಗೆ ಮಾತ್ರ ಮಗಳು. “ಹಾಳ್ಯಾಗ ಬರದೈತಿ, ತಪ್ಪ ನಂದ” ಎನ್ನುತ್ತಾಳೆ. ಓದಲು ಬಾರದವಳು ಆ ಹಾಳೆಯನ್ನು ಮಡಚಿ ಸೀರೆಯ ಗಂಟಿನಲ್ಲಿ ಇಟ್ಟುಕೊಂಡಿದ್ದಾಳೆ.

ಆ ಸಾಲು ಹೊಡೆದುಹಾಕಿದರೆ ಸಾಲದು. ನೀನು ಹೋಗಿ, ಅವಳ ಮುಂದೆ ಕೂತು, ಬಾಯಿಬಿಟ್ಟು ಹೇಳಬೇಕು. ಕಾಲು ಉಳಿಯಬೇಕಾದರೆ ಅದೊಂದೇ ದಾರಿ. ದೇವರ ಮೇಲೆ ಹಾಕಬೇಡ, ಅಣ್ಣನ ಮೇಲೆ ಹಾಕಬೇಡ.

ಮೂರು ವರ್ಷದ ಹಿಂದೆ ಬಾಗಲಕೋಟೆಯಲ್ಲಿ ಆಶಾಗಳ ಧರಣಿಯಲ್ಲಿ ನಾನು ಗುಲಾಬಿ ಬಣ್ಣದ ಸಮವಸ್ತ್ರದ ಸೀರೆಯುಟ್ಟು ರಸ್ತೆಯ ಮೇಲೆ ಕೂತಿದ್ದೆ. ಬಿಳಿ ಕೋಟು ಹಾಕಿಕೊಂಡು ನೀನು ಆ ದಾರಿಯಲ್ಲಿ ಹೋದೆ. ನಾನು ಕೂಗಿದೆ. ಕೇಳಿಸಲಿಲ್ಲ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳಲೇ?

ಮಹಾದೇವಿ

*

ಬಾದಾಮಿ
12 ಅಕ್ಟೋಬರ್ 2025

ಮಹಾದೇವಿ,

ನಿನ್ನ ಕಾಗದ ಬಂದು ನಾಲ್ಕು ವಾರವಾಗುತ್ತ ಬಂತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಬೇಕೆಂದಿದ್ದೇನೆ.

ಕೊನೆಯ ಪ್ರಶ್ನೆಗೆ ಮೊದಲು. ಅಂದು ಕೇಳಿಸಿತ್ತು. ಜೊತೆಗೆ ಸೀನಿಯರ್ ಡಾಕ್ಟರುಗಳಿದ್ದರು. ಹೊರದೇಶದಲ್ಲಿ ಓದಿದವರು ಇಲ್ಲಿ ಬರೆಯಬೇಕಾದ ಪರೀಕ್ಷೆಯನ್ನು ಆಗಷ್ಟೇ ಮೂರನೆಯ ಸಲ ಬರೆದು ಪಾಸಾಗಿ ಕೋಟು ಹಾಕಿದ್ದೆ. ರಸ್ತೆಯ ಮೇಲೆ ಕೂತವಳು ನನ್ನ ಗೆಳತಿ ಎನ್ನುವಷ್ಟು ಆ ಕೋಟು ನನ್ನದಾಗಿರಲಿಲ್ಲ. ಇದು ಸಮಜಾಯಿಷಿ ಅಲ್ಲ. ಕೇಳಿದೆ, ಹೇಳುತ್ತಿದ್ದೇನೆ.

ಇಲ್ಲಿಯ ಕಂಪೌಂಡರ್ ಬೆನ್ನ ಹಿಂದೆ ನನ್ನನ್ನು ‘ಬಿಸ್ಕೀಟ್ ಡಾಕ್ಟರ್’ ಎನ್ನುತ್ತಾನೆ. ನಾನು ಓದಿದ ಊರು ಬಿಷ್ಕೆಕ್ ಎಂದರೆ ಅವನಿಗೆ ಅಷ್ಟೇ. ಇಳಕಲ್ಲಿನಲ್ಲಿ ‘ರಷ್ಯಾದಾಕಿ’ ಅನ್ನುತ್ತಾರೆ, ಅದು ರಷ್ಯಾ ಅಲ್ಲ ಎಂದು ಹೇಳಿ ಸಾಕಾಗಿದೆ. ರೋಗಿ ಗುಣವಾದರೆ ಕೈಗುಣ, ಆಗದಿದ್ದರೆ ‘ಹೊರಗ ಓದಿದಾಕಿ’. ಇದೆಲ್ಲ ನಿನಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಹೇಳುತ್ತೇನೆ.

ಅಲ್ಲಿ ಐದನೆಯ ವರ್ಷ ನಮ್ಮನ್ನು ವಾರ್ಡಿಗೆ ಬಿಟ್ಟರು. ಗುಡ್ಡಗಾಡಿನಿಂದ ಬಂದ ಮುದುಕಿಯರು. ನಿಮ್ಮವರ ಹಾಗೆ ಅವರೂ ಕುರಿ ಕಾಯುವವರು. ಅವರದು ಕಿರ್ಗಿಜ್ ಮಾತು, ನನ್ನದು ಅರೆಬರೆ ರಷ್ಯನ್. ಒಂದು ವಾಕ್ಯ ಕೇಳಲು ಮೈ ಬೆವರುತ್ತಿತ್ತು. ಆದ್ದರಿಂದ ತುಂಡು ತುಂಡಾಗಿ ಕೇಳುತ್ತಿದ್ದೆ. ಇವತ್ತು ಏನು ತಿಂದಿರಿ? ಯಾವಾಗ? ಆಗ ಕಿಟಕಿಯಲ್ಲಿ ಬಿಸಿಲು ಎಲ್ಲಿತ್ತು? ಮುಂದೆ ಯಾವಾಗ ತಿನ್ನುತ್ತೀರಿ? ಅವರು ಕೈಯಲ್ಲಿ ತೋರಿಸುತ್ತಿದ್ದರು. ಆಮೇಲೆ ನಾನು ಹೇಳಿದ್ದನ್ನು ಅವರೇ ನನಗೆ ತಿರುಗಿ ಹೇಳಬೇಕು. ಹೇಳುವವರೆಗೂ ನಮ್ಮ ಮೇಡಮ್ ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲ. ಕೊನೆಯ ಎರಡು ವರ್ಷ ಆ ವಾರ್ಡಿನಲ್ಲಿ ನನ್ನಿಂದ ಒಂದು ತಪ್ಪೂ ಆಗಲಿಲ್ಲ.

ಬರದ ಭಾಷೆಯಲ್ಲಿ ಎಚ್ಚರವಾಗಿದ್ದೆ. ತಾಯಿಯ ಮಾತಿಗೆ ಬಂದ ಕೂಡಲೇ ಮೈಮರೆತೆ. ‘ಊಟ ಆತೇನಬೇ’ ಎಂದಾಗ ನನಗೆ ಹೆಮ್ಮೆಯಾಗಿತ್ತು, ಮಹಾದೇವಿ. ನೋಡಿ, ನಾನು ಮಂದಿಯ ಮಾತು ಬಲ್ಲ ಡಾಕ್ಟರ್ ಎಂದು. ತಲೆ ಎತ್ತಿ ಅವರ ಮುಖ ನೋಡಲಿಲ್ಲ. ನೋಡಿದ್ದರೆ ಗುರುತು ಸಿಗುತ್ತಿತ್ತು. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಅವರ ಕೈಯ ರೊಟ್ಟಿ ತಿಂದವಳು ನಾನು.

ನಮ್ಮ ಮೇಲ್ವಿಚಾರಕ ಡಾಕ್ಟರ್ ಶ್ರೀಶೈಲ ಅವರ ಬಳಿ ಹೋಗಿ ಸಾಲು ತಿದ್ದಬೇಕೆಂದೆ. ಆ ಸಾಲು ಬರೆಸಿದ್ದು ಅವರೇ, ಸಹಿ ನನ್ನದು. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. “ನೋಡವಾ, ಇಲ್ಲೇ ಓದಿದವ ತಪ್ಪ ಮಾಡಿದ್ರ ಅದು ತಪ್ಪ. ಹೊರದೇಶದಾಗ ಓದಿದವರು ಮಾಡಿದ್ರ ಅದು ಅವರಿಗೆ ಏನೂ ಬರೂದಿಲ್ಲ ಅನ್ನೂದಕ್ಕ ಸಾಕ್ಷಿ. ನವೆಂಬರಿಗೆ ನಿನ್ನ ಕರಾರು ಮುಗೀತದ. ವಿಚಾರ ಮಾಡು” ಎಂದರು.

ವಿಚಾರ ಮಾಡುತ್ತಿದ್ದೇನೆ. ಅಪ್ಪ ಅಮೀನಸಾಬ ಮಗ್ಗದ ಮನೆ ಮಾರಿ ನನ್ನನ್ನು ಓದಿಸಿದ. ಅವನ ಮುಖ ನೆನಪಾದಾಗೆಲ್ಲ ಪೆನ್ನು ನಿಲ್ಲುತ್ತದೆ. ಅಲ್ಲಿಯವರೆಗೆ ಅವರಿಗೆ ಮಾತ್ರೆ ಊಟದ ಜೊತೆಗೆ ಮಾತ್ರ ಎಂದು ಹೇಳು. ಕಾಲಿಗೆ ದಯವಿಟ್ಟು ಬಾಗಲಕೋಟೆಗೆ ಕರೆದುಕೊಂಡು ಹೋಗು.

ನರ್ಗೀಸ

*

ಹುನಗುಂದ
20 ಅಕ್ಟೋಬರ್ 2025

ನರ್ಗೀಸ,

ಚಲೋ ಕಾಗದ ಬರೆದಿದ್ದೀ. ಎರಡು ಸಲ ಓದಿದೆ, ಒಂದು ಸಲ ಅತ್ತೆ. ಬರೆದು ನೀನು ಹಗುರಾದೆ, ಓದಿ ನಾನು ಹಗುರಾದೆ. ಕಾಲು ಹಾಗೇ ಇದೆ.

ಕಿರುಬೆರಳು ಪೂರ್ತಿ ಕಪ್ಪು. ಪಕ್ಕದ ಬೆರಳಿಗೆ ಹತ್ತಿದೆ. ವಾಸನೆ ಬರುತ್ತಿದೆ. ನಿನ್ನೆ ಎತ್ತಿಕೊಂಡು ಹೋಗಲೆಂದು ಗಾಡಿ ತಂದೆ. ಬಾಗಿಲ ಕಂಬ ಹಿಡಿದುಕೊಂಡಳು, ಎಡಗೈಯಲ್ಲಿ. ಒಂದೇ ಕೈಯ ಹಿಡಿತ ಬಿಡಿಸಲು ನನಗೂ ಸೋಮಲಿಂಗನಿಗೂ ಆಗಲಿಲ್ಲ. ಅವನು ಈಗ ಅಳುತ್ತಾನೆ. ಅಂದ ಮಾತು ಹಿಂದಕ್ಕೆ ಬರುವುದಿಲ್ಲವಲ್ಲ.

ನಿನ್ನ ಕರಾರು ನವೆಂಬರಿಗೆ ಮುಗಿಯುತ್ತದೆ. ಅವಳದು ಅಷ್ಟು ದಿನ ತಾಳುವುದಿಲ್ಲ. ಕರಾರಿನ ಮೇಲೆ ಬದುಕುವ ಭಯ ನನಗೆ ಹೇಳಿಕೊಡಬೇಡ, ಹನ್ನೊಂದು ವರ್ಷದಿಂದ ನನಗೆ ಕರಾರೂ ಇಲ್ಲ. ನಮ್ಮನ್ನು ‘ಕಾರ್ಯಕರ್ತೆ’ ಎನ್ನುತ್ತಾರೆ, ನೌಕರರು ಅನ್ನುವುದಿಲ್ಲ. ಆದರೂ ಬಾಯಿ ಮುಚ್ಚಿಲ್ಲ.

ವಿಚಾರ ಸಾಕು. ಬಾ.

ಮಹಾದೇವಿ

*

ಇಳಕಲ್
10 ನವೆಂಬರ್ 2025

ಪ್ರೀತಿಯ ಮಹಾದೇವಿ,

ಬಾಗಲಕೋಟೆಯ ವಾರ್ಡಿನ ಹೊರಗೆ ನೀನು “ಆಕೀನ್ನ ಹೆಂಗ ಒಪ್ಪಿಸಿದಿಲೇ?” ಎಂದು ಕೇಳಿದೆ. ಅಷ್ಟರಲ್ಲಿ ಒಳಗಿಂದ ಕರೆದರು. ಈಗ ಬರೆಯುತ್ತೇನೆ.

ಅಕ್ಟೋಬರ್ ಇಪ್ಪತ್ತೇಳಕ್ಕೆ ಹೇಳಿಕೆ ಬರೆದು ದವಾಖಾನೆಗೂ, ಅದರ ಪ್ರತಿಯನ್ನು ಜಿಲ್ಲಾ ಆರೋಗ್ಯ ಕಚೇರಿಗೂ ಕೊಟ್ಟೆ. ಡಾಕ್ಟರ್ ಶ್ರೀಶೈಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕನ್ನಡ ಛಲೋ ಬರೀತಿ” ಎಂದರು, ಅಷ್ಟೇ. ಮರುದಿನ ನನ್ನ ಕುರ್ಚಿಯಲ್ಲಿ ಬೇರೆಯವರಿದ್ದರು.

ನವೆಂಬರ್ ಮೂರು, ಸೋಮವಾರ, ನಿನ್ನ ತವರಿಗೆ ಹೋದೆ. ಬೇಕೆಂದೇ ಸೋಮವಾರ. ಕಾರ್ತೀಕದ ವಾರ ಹಿಡಿದಿರುತ್ತಾರೆಂದು ಗೊತ್ತಿತ್ತು. ಕೋಟು ಇಲ್ಲ, ಚೀಲವಿಲ್ಲ. ಅವ್ವ ಅಂಗಳದಲ್ಲಿ ಕಂಬಳಿಯ ಮೇಲೆ ಕೂತು ಎಡಗೈಯಿಂದ ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು. ಒಳಗೆ ತೆವಳಿ ಹೋಗಿ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದು ಮುಂದಿಟ್ಟಳು.

“ಉಣ್ಣು.”

“ನೀ ಏನ್ ಉಂಡೀಬೇ ಇವತ್ತ?”

ಅವಳು ತಿರುಗಿ ಉಣ್ಣೆಗೆ ಕೈ ಹಾಕಿದಳು.

“ನಿನ್ನೆ ಕಡೀಕ ಯಾವಾಗ ಉಂಡಿ? ಏನ್ ಉಂಡಿ? ಮುಂದ ಯಾವಾಗ ಉಣ್ತಿ?”

“ಪೊಲೀಸರಂಗ ಕೇಳ್ತೀಯಲ್ಲವಾ.”

“ಹಿಂಗ ಕೇಳಲಿಲ್ಲ ಅಂತ ನಿನ್ನ ಕೈ ಹೋತು.”

ಅವಳ ಕೈ ನಿಂತಿತು. ನಾನು ಹೇಳಿದೆ. ಏನು ಹೇಳಿದೆ ಎಂದು ಪೂರ್ತಿ ನೆನಪಿಲ್ಲ. ಉಪವಾಸದ ದಿನ ಆ ಗುಳಿಗೆ ನುಂಗಬಾರದು ಎಂದು ಯಾರೂ ನಿನಗೆ ಹೇಳಿರಲಿಲ್ಲ, ಹೇಳುವ ಕೆಲಸ ನಮ್ಮದಾಗಿತ್ತು ಎಂದೆ. ಬಾಗಿಲಲ್ಲಿ ನಿಂತವರನ್ನು ಕೇಳುವ ಹಾಗೆ ನಾನು ಕೇಳಿದೆ, ಬಾಗಿಲಲ್ಲಿ ನಿಂತವಳ ಹಾಗೆ ನೀನು ಹೇಳಿದೆ, ಸೂಜಿ ಬರೆದವಳು ನಾನು, ಅಲ್ಲಿಗೆ ನಿಲ್ಲಬಾರದಿತ್ತು ಎಂದೆ. ಬೀರಪ್ಪನದು ಇದರಲ್ಲಿ ಏನೂ ಇಲ್ಲ ಎಂದೆ.

ಅವಳು ತಾಟನ್ನು ಇನ್ನಷ್ಟು ನನ್ನ ಕಡೆ ನೂಕಿದಳು. “ಆರ್ತೈತಿ. ಉಣ್ಣು.”

“ನೀ ಉಣ್ಣೂತನಕ ನಾ ಮುಟ್ಟಂಗಿಲ್ಲ.”

“ನನ್ನ ವಾರ ದೀಪ ಹಚ್ಚಿದ ಮ್ಯಾಲೆ ಬಿಡ್ತೈತಿ.”

“ಹಂಗಾರ ಕುಂದರ್ತೇನಿ.”

ಕೂತೆವು. ಹನ್ನೊಂದರಿಂದ ಸಂಜೆಯವರೆಗೆ. ರೊಟ್ಟಿ ಒಣಗಿ ಬಿಲ್ಲಿನಂತೆ ಬಾಗಿತು. ನೊಣ ಬಂದರೆ ಇಬ್ಬರೂ ಓಡಿಸಿದೆವು. ಮಧ್ಯಾಹ್ನ ನನ್ನ ಹೊಟ್ಟೆ ಗುರ್ ಎಂದಾಗ “ಡಾಕ್ಟರಿಗೂ ಹಸಿವು ಆಗ್ತೈತೇನು?” ಎಂದಳು. ಅಷ್ಟು ಹೊತ್ತಿನಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಸೋಮಲಿಂಗಣ್ಣ ಕುರಿ ಹೊಡೆದುಕೊಂಡು ಬಂದ, ನಮ್ಮಿಬ್ಬರನ್ನೂ ನೋಡಿ ಒಳಗೆ ಹೋಗಲಾರದೆ ಹೊರಗೇ ನಿಂತ. ದೀಪ ಹಚ್ಚಿದ ಮೇಲೆ ಅದೇ ಒಣರೊಟ್ಟಿಯನ್ನು ಮುರಿದು ಅರ್ಧ ನನಗೆ ಕೊಟ್ಟು, ಅರ್ಧ ತಾನು ತಿಂದಳು. ತಿಂದಾದ ಮೇಲೆ ಗಂಟು ಬಿಚ್ಚಿ ಆ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು.

“ಹೊಡದ್ಹಾಕು.”

ನಾನು ಆ ಸಾಲು ಹೊಡೆದು, ಪಕ್ಕದಲ್ಲಿ ಬರೆದು, ಸಹಿ ಮಾಡಿ, ಬರೆದದ್ದನ್ನು ಓದಿ ಹೇಳಿದೆ: ‘ಉಪವಾಸವಿದೆಯೇ ಎಂದು ನಾನು ಸರಿಯಾಗಿ ಕೇಳಿ ತಿಳಿಯಲಿಲ್ಲ. ಉಪವಾಸದ ದಿನ ಮಾತ್ರೆ ಹೇಗೆ ಎಂದು ಹೇಳಲಿಲ್ಲ. ಇದು ರೋಗಿಯ ತಪ್ಪಲ್ಲ, ವೈದ್ಯೆಯ ತಪ್ಪು.’ ಅವಳು ಕೇಳಿಸಿಕೊಂಡಳು. ಕಾಲು ಮುಂದೆ ಚಾಚಿದಳು.

ಮುಂದಿನದು ನಿನಗೆ ಗೊತ್ತು. ಬಾಗಲಕೋಟೆಯಲ್ಲಿ ಎರಡು ಬೆರಳು ಕತ್ತರಿಸಿದರು. ಸೆಪ್ಟೆಂಬರಿನಲ್ಲೇ ನಾನು ಹೋಗಿದ್ದರೆ ಒಂದಾದರೂ ಉಳಿಯುತ್ತಿತ್ತು. ಇದನ್ನು ಯಾವ ಹಾಳೆಯಲ್ಲಿ ಬರೆಯಬೇಕೋ ತಿಳಿಯದು, ನಿನಗೆ ಬರೆಯುತ್ತಿದ್ದೇನೆ.

ಕರಾರು ಮುಂದುವರಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾರೆ. ವಿಚಾರಣೆಗೆ ಕರೆಯಬಹುದು. ಅಪ್ಪನಿಗೆ ಹೇಳಿದೆ. ಅವನು “ಆಕೀ ಕಾಲ ಉಳೀತೇನು?” ಎಂದು ಕೇಳಿದ. ಉಳಿಯಿತು ಎಂದೆ. ಎದ್ದು ನಮಾಜಿಗೆ ಹೋದ. ಅವನ ಮನಸ್ಸಿನಲ್ಲಿ ಏನಿದೆಯೋ ಇನ್ನೂ ಗೊತ್ತಾಗಿಲ್ಲ.

ಒಂದು ಮಾತು ಕೊರೆಯುತ್ತಿದೆ. ಇಡೀ ದಿನ ಎದುರಿಗೆ ಕೂತರೂ ಅವ್ವ ನನ್ನನ್ನು ಕ್ಷಮಿಸಿದೆ ಅನ್ನಲಿಲ್ಲ. ಬೈಯಲೂ ಇಲ್ಲ. ಕೇಳಿ ಬರೆ.

ನಿನ್ನ,
ನರ್ಗೀಸ

*

ಬನಶಂಕರಿ
15 ಡಿಸೆಂಬರ್ 2025

ನರ್ಗೀಸ,

ಅವ್ವ ಹೇಳಿದ್ದು, ನಾನು ಬರೆದದ್ದು. ಒಂದು ಅಕ್ಷರ ತಿದ್ದಿಲ್ಲ. — ಮಹಾದೇವಿ

ನರ್ಗೀಸವ್ವಗ ಸಾವಂತ್ರವ್ವ ಹೇಳಿ ಬರೆಸೂದು.

ಕಾಲ ಮಾಯಾಕತ್ತೈತಿ. ಕೋಲ ಹಿಡದು ಕುರಿದೊಡ್ಡಿತನಕ ಹೋಗಿ ಬರ್ತೇನಿ. ಕೈ ಅಷ್ಟಕ್ಕಷ್ಟ. ಎಡಗೈಲೆ ನೂಲೋ ಕದರ ತಿರುವಾಕ ಕಲ್ಯಾಕತ್ತೇನಿ, ನೂಲ ಗಂಟ ಬೀಳ್ತೈತಿ, ಮಹಾದೇವಿ ನಗತಾಳ.

ನೀ ಬರದ ಹಾಳಿ ಈಕೀ ಕಡೆ ಮತ್ತ ಎರಡ ಸಲ ಓದಿಸಿದೆ. ಅದು ನನಗ ಸರಿ ಬರಲಿಲ್ಲ. ಮೊದಲನೇ ಹಾಳ್ಯಾಗ ಎಲ್ಲಾ ತಪ್ಪ ನಂದ ಇತ್ತು. ಎರಡನೇದರಾಗ ಎಲ್ಲಾ ನಿಂದ ಐತಿ. ಅದರಾಗ ನಾ ಎಲ್ಲಿ ಅದೇನಿ? ನಾ ಏನ್ ಕುರೀನೇನು, ಚುಚ್ಚಿದ್ರ ಚುಚ್ಚಿಸಿಕೊಳ್ಳಾಕ? ನನಗೂ ಬಾಯಿ ಐತಿ. ಆ ಬಾಯಿಲೆ ನಾ ಆತ್ರಿ ಅಂದೆ. ಅದನೂ ಬರಿ. ಸುಳ್ಳ ಅಂತ ಬರೀಬ್ಯಾಡ, ಯಾಕ ಅಂದೆ ಅಂತ ಬರಿ.

ಯಾಕ ಅಂದೆ ಕೇಳು. ಮಗಳಿಗೂ ಇದನ್ನ ಹೇಳಿದ್ದಿಲ್ಲ, ಈಗ ಬರೀತಾ ಬರೀತಾ ಆಕೀನೂ ನನ್ನ ಮಾರಿ ನೋಡಾಕತ್ಯಾಳ. ಅವತ್ತ ದವಾಖಾನ್ಯಾಗ ನೀ ಮಾಸ್ಕ ಹಾಕಿ ಮಾರಿ ಮುಚ್ಚಿಕೊಂಡು ಕುಂತಿದ್ದಿ, ತಲಿ ಎತ್ತಲಿಲ್ಲ. ಆದರ ನಿನ್ನ ದನಿ ನಾ ಗುರ್ತ ಹಿಡದೆ. ನಮ್ಮ ಒಲಿ ಮುಂದ ಕುಂತು ಮೂರ ರೊಟ್ಟಿ ಉಂಡು ನಾಕನೇದು ಬ್ಯಾಡ ಬ್ಯಾಡ ಅಂತಿದ್ದ ಹುಡುಗಿ ದನಿ ಮರೀತೇನೇನು? ಮಾತಾಡಸಬೇಕಂದೆ. ಹಿಂದ ಅಷ್ಟ ಮಂದಿ ನಿಂತಿದ್ರು. ಕುರಿ ಕಾಯೋರ ಮುದುಕಿ ಡಾಕ್ಟರಿಗೆ ಪರಿಚಯ ಅಂದ್ರ ನಿನಗ ಸಣ್ಣದಾಗ್ತೈತಿ ಅಂತ ಬಾಯಿ ಮುಚ್ಚಿದೆ. ಆಗ ನೀ ಊಟ ಆತೇನಬೇ ಅಂದಿ. ನನ್ನ ಗುರ್ತ ಹಿಡದೇ ಕೇಳಿದಿ ಅಂತ ತಿಳಕೊಂಡೆ. ಆ ಮಾತ ಕೇಳಿ ಹೊಟ್ಟಿ ತುಂಬಿತು. ಇಲ್ಲ ಅಂತ ಹೆಂಗ ಅನ್ಲಿ?

ಕ್ಷಮಾ ಗಿಮಾ ಅಂತ ಕೇಳಿದ್ದಿಯಂತ. ಅದು ನನಗ ತಿಳಿಯಂಗಿಲ್ಲ. ಸಿಟ್ಟ ಐತಿ. ಕದರ ಕೈಯಾಗ ಹಿಡದಾಗ ದಿನಾ ಬರ್ತೈತಿ. ನೀ ಬಂದು ಕುಂತ ದಿನಾನೂ ಇತ್ತು. ಆದರೂ ರೊಟ್ಟಿ ಹಾಕಿದೆ. ಎರಡೂ ಇರ್ತಾವು.

ಕೆಲಸ ಹೋತಂತ. ಹುನಗುಂದದಾಗ ಮಹಾದೇವಿ ಮಂದಿ ಕೂಡಸ್ತಾಳ, ಹೊಲಗೇರಿ, ಕುರಬರ ಓಣಿ, ಎಲ್ಲಾ ಕಡಿಂದ. ಬಂದು ಆ ಗುಳಿಗಿ ಮಾತ ಹೇಳು ಅಂತಾಳ, ವಾರ ಇದ್ದಾಗ ಹೆಂಗ, ರಂಜಾನದ ರೋಜಾ ಇದ್ದಾಗ ಹೆಂಗ. ನಾ ಅಂತೇನಿ, ಹೇಳಾಕ ಬರಬ್ಯಾಡ. ಕೇಳಾಕ ಬಾ.

ಇನ್ನೊಂದ ಸುದ್ದಿ ಹೇಳಿ ಮುಗಸ್ತೇನಿ. ಹೋದ ಸೋಮವಾರ ಕಾಲಿನ ಪಟ್ಟಿ ಬದಲಿ ಮಾಡಸಾಕ ಬಾಗಲಕೋಟಿಗೆ ಹೋಗಿದ್ವಿ. ಹೊಸಾ ಸಿಸ್ಟರು, ಎಳೀ ಹುಡುಗಿ. ಸಕ್ಕರಿ ಸೂಜಿ ತುಂಬಕೊಂಡು ಬಂದ್ಲು. ನನ್ನ ತ್ವಾಳ ಹಿಡದು, ಬ್ಯಾರೆ ಎಲ್ಲೋ ನೋಡಕೋತ, ಊಟ ಆತೇನಮ್ಮಾ ಅಂದ್ಲು. ಸುತ್ತ ಮಂದಿ. ನಾಲಿಗಿ ತುದೀಗೆ ಆತ್ರಿ ಬಂತು. ನುಂಗಿದೆ. ಹುಟ್ಟಿದಾಗಿಂದ ಅಂದಿದ್ದಿಲ್ಲ, ಅವತ್ತ ಅಂದೆ.

ಇಲ್ಲ, ಆಗಿಲ್ಲ.

ಬಾಯಿ ಕಹಿ ಆತು. ಮಂದಿ ಹೊಳ್ಳಿ ನೋಡಿದ್ರು. ಆ ಹುಡುಗಿ ನನ್ನ ಮಾರಿ ನೋಡಿದ್ಲು. ಸೂಜಿ ಕೆಳಗ ಇಟ್ಲು.

ಸಾವಂತ್ರವ್ವ
(ಎಡಗೈ ಹೆಬ್ಬೆಟ್ಟು)